ಉಡುದಾರದ ಗಂಟೆ

ನನ್ನ ತವರು ಎಡತೊರೆ ಕಡೆ. ಈಗ ಎಲ್ಲರೂ ಕೃಷ್ಣರಾಜನಗರ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಎಡತೊರೆ ಎಂದೇ ರೂಢಿ. ನಾಲೆ ನೀರಿನ ಊರು, ಕಣ್ಣು ಹಾಯಿಸಿದಷ್ಟೂ ಗದ್ದೆ. ಅಲ್ಲಿ ಮಕ್ಕಳನ್ನು ಹೆದರಿಸಬೇಕೆಂದರೆ ನಾಲೆಯನ್ನು ತೋರಿಸಿದರೆ ಸಾಕಿತ್ತು, ಬೇರೆ ಭಯವನ್ನು ನಾವು ಕಂಡವರಲ್ಲ. ಅಂಥ ಊರಿನ ಹುಡುಗಿಯನ್ನು ತಂದು ಅಂತರಸಂತೆಯ ಆಚೆ ಕಾಡಂಚಿನ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಹುಡುಗ ಒಳ್ಳೆಯವನು, ಹೊಲವಿದೆ, ಹಟ್ಟಿ ತುಂಬ ದನವಿದೆ ಎಂದರೇ ಹೊರತು ಹಿತ್ತಿಲ ಬೇಲಿಯ ಆಚೆಗೆ ಆನೆಯೂ ಇದೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮಪ್ಪನ ಮೇಲೆ ನನಗೆ ಆ ಸಿಟ್ಟು ಬಹಳ ಕಾಲ ಇತ್ತು.

ಮಲೇರಿಯಾ ಔಷಧಿ ಹೊಡೆಯುವವರು ಮೊದಲ ಸಲ ಊರಿಗೆ ಬಂದು ಗೋಡೆಗಳಿಗೆಲ್ಲ ಬೆಳ್ಳಗೆ ಬಳಿದು ಹೋದ ವರ್ಷ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಬಂದ ಹೊಸದರಲ್ಲಿ ನನಗೆ ಅರ್ಥವಾಗದೆ ಹೋದದ್ದು ಆ ಊರಿನವರು ಮಾತಾಡುವ ರೀತಿ. ಮಾತು ಆಡುತ್ತಾ ಆಡುತ್ತಾ ನಡುವೆ ಸುಮ್ಮನಾಗಿಬಿಡುವರು. ನನ್ನ ಅತ್ತೆ ದೊಡ್ಡತಾಯಮ್ಮ ರೊಟ್ಟಿ ತಟ್ಟುವಾಗ ಕೈ ಹಾಗೇ ನಿಲ್ಲಿಸಿ, ಕತ್ತು ಓರೆ ಮಾಡಿ ಕೂರುವರು. ಏನತ್ತೆ ಎಂದರೆ ತಡೆ ಎಂದು ಕೈ ತೋರಿಸುವರು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ತಟ್ಟಲು ಶುರು. ಬಿದಿರು ಮುರಿದ ಸದ್ದಾಯಿತೇ, ನಾಯಿ ಬೊಗಳಿದ್ದು ಯಾವ ಕಡೆಗೆ, ಕೆರೆಯ ಕೊಕ್ಕರೆಗಳು ಯಾಕೆ ಎದ್ದವು, ಎಲ್ಲದಕ್ಕೂ ಊರಿಗೆ ಊರೇ ಕಿವಿ ಕೊಟ್ಟುಕೊಂಡು ಬದುಕುತ್ತಿತ್ತು. ಕಾಡಿನ ಕಡೆಯಿಂದ ಯಾರಾದರೂ ‘ಕೂ’ ಎಂದು ಕೂಗಿದರೆ ಹೊಲದಲ್ಲಿದ್ದವರೆಲ್ಲ ಒಂದೇ ಉಸಿರಿಗೆ ಊರು ಸೇರುವರು. ಆ ಕೂಗು ಕೇಳಿಸಿಕೊಳ್ಳುವುದೇ ಜೀವ ಉಳಿಸಿಕೊಳ್ಳುವ ದಾರಿ ಎಂದು ನನಗೂ ಬೇಗನೆ ಗೊತ್ತಾಯಿತು.

ಅಂಥ ಊರಿನಲ್ಲಿ ನಮ್ಮ ಪಕ್ಕದ ಮನೆಯ ಚೆಲುವಮ್ಮನವರ ಒಬ್ಬನೇ ಮಗ ದೇವರಾಜು ಹುಟ್ಟು ಕಿವುಡ.

ಬಂದ ಮಾರನೆಯ ಬೆಳಿಗ್ಗೆಯೇ ನನಗೆ ಕಿಣಿ ಕಿಣಿ ಎಂಬ ಸದ್ದು ಕೇಳಿಸಿತು. ಮೇಕೆ ಹಿತ್ತಿಲಿಗೆ ನುಗ್ಗಿದೆ ಎಂದುಕೊಂಡು ಕೋಲು ಹಿಡಿದು ಹೋದರೆ, ಬೇಲಿಯ ಆಚೆ ಮೀಸೆ ಬಂದ ಗಂಡಸೊಬ್ಬ ಸೌದೆ ಸೀಳುತ್ತಿದ್ದ. ನನ್ನ ಕೈಯಲ್ಲಿದ್ದ ಕೋಲು ಕಂಡು ನಕ್ಕ. ಅವನು ಕೊಡಲಿ ಎತ್ತಿದಾಗಲೂ ಇಳಿಸಿದಾಗಲೂ ಸೊಂಟದಿಂದ ಆ ಸದ್ದು ಬರುತ್ತಿತ್ತು. ನನಗೆ ನಾಚಿಕೆಯಾಗಿ ಒಳಗೆ ಓಡಿ ಬಂದೆ.

ಆಮೇಲೆ ಅತ್ತೆ ಹೇಳಿದರು. ಕೂಸುಗಳ ಉಡುದಾರಕ್ಕೆ ಗೆಜ್ಜೆ ಕಟ್ಟುವುದು ಎಲ್ಲ ಕಡೆಯೂ ಇದೆ. ತಾಯಿ ಒಲೆಯ ಮುಂದೆ ಇದ್ದರೂ ಕೂಸು ಅಂಬೆಗಾಲಿಟ್ಟು ಎತ್ತ ಹೋಯಿತು ಎಂದು ತಿಳಿಯಲಿ ಅಂತ. ಮಕ್ಕಳು ಓಡಾಡುವಂತಾದ ಮೇಲೆ ಅದನ್ನು ಬಿಚ್ಚುತ್ತಾರೆ. ಚೆಲುವಮ್ಮನವರು ಬಿಚ್ಚಲಿಲ್ಲ. ಹುಡುಗ ಬೆಳೆದಂತೆ ಗೆಜ್ಜೆ ಹೋಗಿ ಮೇಕೆಯ ಕೊರಳಿನ ಗಂಟೆ ಬಂತು. ಪ್ರತಿವರ್ಷ ಹಬ್ಬಕ್ಕೆ ಉಡುದಾರ ಹೊಸದಾಗುತ್ತಿತ್ತು, ಗಂಟೆ ಮಾತ್ರ ಹಳೆಯದೇ. ಅವನಿಗೆ ಇಪ್ಪತ್ತು ದಾಟಿದರೂ ಅಂಗಿಯ ಒಳಗೆ ಅದು ಕಿಣಿಗುಟ್ಟುತ್ತಲೇ ಇತ್ತು. ಊರಿನ ಕಿವಿಗೆ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ಬಂದ ಸ್ವಲ್ಪ ದಿನಕ್ಕೆ ನನಗೂ ಅದು ಕೇಳಿಸದಂತಾಯಿತು. ಕೇಳಿಸುತ್ತಿದ್ದದ್ದು ಚೆಲುವಮ್ಮನವರಿಗೆ ಒಬ್ಬರಿಗೇ. ರಾಗಿ ಬೀಸುತ್ತಿರಲಿ, ಯಾರೊಂದಿಗಾದರೂ ಜಗಳವಾಡುತ್ತಿರಲಿ, ಗಂಟೆ ನಿಂತರೆ ಅವರೂ ನಿಲ್ಲುವರು. ಮತ್ತೆ ಸದ್ದಾದ ಮೇಲೆಯೇ ಅವರಿಗೆ ಉಸಿರು.

ಅವರಿಗೆ ಹುಚ್ಚು ಎಂದು ನಾನು ಆಗ ಅಂದುಕೊಂಡಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಒಂದು ದಿನ ಬೇಲಿಯ ಈಚೆ ನಿಂತು, ದೊಡ್ಡವ್ವಾ, ಅಷ್ಟು ದೊಡ್ಡ ಮಗನಿಗೆ ಮೇಕೆಗಂಟೆ ಕಟ್ಟಿದ್ದೀರಲ್ಲ, ಮೇವು ಹಾಕುತ್ತೀರಾ ಊಟ ಇಡುತ್ತೀರಾ ಎಂದು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ನನ್ನನ್ನು ಕರೆದು ಜಗಲಿಯ ಮೇಲೆ ಕೂರಿಸಿಕೊಂಡು ತಮ್ಮ ಗಂಡ ಸತ್ತ ಕತೆ ಹೇಳಿದರು.

ಅವರ ಗಂಡ ಸಂತೆಯಿಂದ ಬರುವಾಗ ಒಂಟಿ ಸಲಗ ಅಡ್ಡ ಬಂದಿತ್ತು. ಹಿಂದೆ ಬರುತ್ತಿದ್ದವರು ಕೂಗಿದರು, ಅವರು ಕೇಳಿಸಿಕೊಂಡು ಓಡಿದರು. ಓಡಿದರೂ ಉಳಿಯಲಿಲ್ಲ. ದೇವರಾಜು ಆಗ ಎದೆಹಾಲು ಕುಡಿಯುವ ಕೂಸು. ಅದಾಗಿ ವರ್ಷ ತುಂಬುವ ಹೊತ್ತಿಗೆ ಕೂಸಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿಯಿತು. ಎಣ್ಣೆ ಬಿಟ್ಟರು, ಹರಕೆ ಹೊತ್ತರು, ಮೈಸೂರಿನ ದೊಡ್ಡ ಆಸ್ಪತ್ರೆಗೂ ಎತ್ತಿಕೊಂಡು ಹೋದರು. ಅಲ್ಲಿ ಯಾರೋ ಒಬ್ಬರು, ಮೈಸೂರಿನಲ್ಲಿ ಇಂಥ ಮಕ್ಕಳಿಗೆಂದೇ ಶಾಲೆಯಿದೆ, ಕೈಕಸುಬು ಕಲಿಸುತ್ತಾರೆ, ಬಿಟ್ಟು ಹೋಗಿ ಎಂದರಂತೆ. ಇವರು ಮಗುವನ್ನು ಅವುಚಿಕೊಂಡು ಬಸ್ಸು ಹತ್ತಿದವರು ಊರು ಬರುವ ತನಕ ತಿರುಗಿ ನೋಡಲಿಲ್ಲ.

‘ಎಲ್ಡು ಕಿವಿ ನೆಟ್ಟಗಿದ್ದ ಗಂಡ್ಸೇ ಉಳೀನಿಲ್ಲ ಕಣವ್ವ. ಇವ್ನು ಎಂಗುಳ್ದಾನು’ ಎಂದರು.

ದೇವರಾಜುವಿನ ಬದುಕೆಲ್ಲ ಆ ಬೇಲಿಯ ಒಳಗೇ. ಅಡ್ಡಾಡುವುದಾದರೆ ಅಮ್ಮನ ಜೊತೆ, ಊರ ಮಾರಿಗುಡಿಯ ತನಕ. ಸೌದೆ ಸೀಳುವುದು, ಹಗ್ಗ ಹೊಸೆಯುವುದು, ನೀರು ಸೇದುವುದು, ಯಾವ ಕೆಲಸಕ್ಕೂ ಹಿಂದೆ ಬಿದ್ದವನಲ್ಲ. ಊರಿನವರು ಮೂಗ ಎಂದೇ ಕರೆಯುತ್ತಿದ್ದರು, ಅವನಿಗೆ ಅದು ಕೇಳುತ್ತಿರಲಿಲ್ಲವೆಂಬುದೊಂದು ಪುಣ್ಯ. ಬೆಳಿಗ್ಗೆ ಊರ ದನಗಳೆಲ್ಲ ಮಂದೆಯಾಗಿ ಕಾಡಿನ ಕಡೆ ಹೊರಡುವ ಹೊತ್ತಿಗೆ ಅವನು ಕೈಯ ಕೆಲಸ ಬಿಟ್ಟು ಬೇಲಿಯ ಬಾಯಿಗೆ ಅಡ್ಡ ಹಾಕಿದ ಬಿದಿರ ಗಳುವಿಗೆ ಎದೆ ಒತ್ತಿ ನಿಲ್ಲುವನು. ಕೊನೆಯ ಕರುವೂ ಕೆರೆಯ ಏರಿಯನ್ನು ದಾಟಿ ಮರೆಯಾಗುವ ತನಕ ಅಲ್ಲೇ. ಒಂದೊಂದು ದನಕ್ಕೂ ಅವನು ಕೈಯಲ್ಲಿ ಒಂದೊಂದು ಹೆಸರು ಇಟ್ಟಿದ್ದ. ನಮ್ಮ ಕೊಂಬು ಮುರಿದ ಕಪಿಲೆಯನ್ನು ತೋರಿಸಬೇಕಾದರೆ ಹಣೆಯ ಪಕ್ಕ ಬೆರಳು ಮಡಿಸುವನು. ನನ್ನನ್ನು ತೋರಿಸಬೇಕಾದರೆ ಕೋಲು ಹಿಡಿದ ಹಾಗೆ ಮಾಡಿ ಕಣ್ಣು ಅಗಲಿಸುವನು. ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ಮಂದೆ ಕಾಯುತ್ತಿದ್ದವನು ಅಂಕಯ್ಯ. ಊರಿನ ಎಲ್ಲ ಮನೆಯ ದನಗಳನ್ನೂ ಕಾಡಂಚಿಗೆ ಹೊಡೆದುಕೊಂಡು ಹೋಗಿ ಸಂಜೆ ತಂದು ಬಿಡುವುದು ಅವನ ಕೆಲಸ. ಸುಗ್ಗಿಯಲ್ಲಿ ಮನೆಮನೆಯವರೂ ಅವನಿಗೆ ರಾಗಿ ಅಳೆದು ಕೊಡುತ್ತಿದ್ದರು. ಮಂದೆಯ ತಲೆಗೆ ಒಬ್ಬ, ಬಾಲಕ್ಕೆ ಒಬ್ಬ ಇದ್ದರೇ ಆ ಕೆಲಸ ನಡೆಯುವುದು. ಬಾಲಕ್ಕೆ ಇದ್ದವನು ಮರ ಕಡಿಯುವ ಕಂಟ್ರಾಕ್ಟರನ ಜೊತೆ ಹೊರಟುಹೋದ. ಮಾರನೆಯ ದಿನವೇ ಅಂಕಯ್ಯ ಚೆಲುವಮ್ಮನವರ ಜಗಲಿಗೆ ಬಂದು ದೇವರಾಜುವನ್ನು ಕಳಿಸಿಕೊಡು ಎಂದು ಕೇಳಿದ.

ಊರಲ್ಲಿ ಗುಲ್ಲಾಯಿತು. ಕಿವುಡನ ಕೈಗೆ ನಮ್ಮ ದನ ಕೊಡಬೇಕೇ, ಹುಲಿ ಬಂದು ಕರು ಎಳೆದುಕೊಂಡು ಹೋದರೆ ಇವನಿಗೆ ಗೊತ್ತಾದೀತೇ ಎಂದು ನನ್ನ ಅತ್ತೆಯೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಅಂಕಯ್ಯ ಹೆಚ್ಚು ಮಾತಿನವನಲ್ಲ. ದನಕ್ಕೆ ನಾನು ಹೊಣೆ ಎಂದು ಅವರ ಬಾಯಿ ಮುಚ್ಚಿಸಿದ. ಅವನಿಗೆ ಕಷ್ಟವಾದದ್ದು ಚೆಲುವಮ್ಮನವರ ಜೊತೆ. ದಿನವೂ ಬರುವನು, ದಿನವೂ ಇವರು ಇಲ್ಲ ಎನ್ನುವರು. ಕಡೆಗೆ ಒಂದು ಸಂಜೆ ಅವನು ಕಂಬಳಿ ಕೊಡವಿ ಎದ್ದು ನಿಂತು ಹೇಳಿದ ಮಾತು ಬೇಲಿಯ ಈಚೆ ನನಗೂ ಕೇಳಿಸಿತು.

‘ಅಕ್ಕ, ನೀನಿರೋಗಂಟ ಸರಿ. ನೀನು ಓದ್ಮೇಲೆ ಈ ಬೇಲಿ ಒಳಗೆ ಅವ್ನಿಗೆ ಯಾರು ಉಣ್ಣಕ್ಕಿಕ್ತಾರೆ? ನಮ್ಮೂರೋರು ಆರು ದಿನ ಇಕ್ತಾರೆ, ಏಳನೇ ದಿನ ಬಾಗ್ಲಾಕ್ತಾರೆ. ಮಂದೆ ಕಾದ್ರೆ ಎಲ್ಲಾರ್ ಮನೇಲೂ ಅವ್ನ ರಾಗಿ ಇರ್ತದೆ. ಅದ ಯಾರೂ ಇಲ್ಲ ಅನ್ನಂಗಿಲ್ಲ.’

ಚೆಲುವಮ್ಮನವರು ಅವತ್ತು ಉಣ್ಣಲಿಲ್ಲ. ಅವರ ಹೊಟ್ಟೆಯೊಳಗೆ ಎಂದಿನಿಂದಲೂ ಇದ್ದ ಭಯವನ್ನೇ ಅಂಕಯ್ಯ ಹೊರಗೆ ತೆಗೆದು ಇಟ್ಟಿದ್ದ. ಕಾಡಿಗೆ ಕಳಿಸಿದರೆ ಆನೆ, ಕಳಿಸದಿದ್ದರೆ ತಾನು ಸತ್ತ ಮೇಲೆ ಹಸಿವು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಆ ತಾಯಿ ಒಬ್ಬಳೇ ಕೂತು ತೂಗಿರಬೇಕು. ಮಾರನೆಯ ಬೆಳಿಗ್ಗೆ ಬೇಲಿಯ ಗಳುವನ್ನು ತಾವೇ ಸರಿಸಿದರು. ದೇವರಾಜು ನಂಬಲಿಲ್ಲ. ಅಮ್ಮನ ಮುಖ ನೋಡಿದ, ಮಂದೆಯ ಕಡೆ ನೋಡಿದ, ಮತ್ತೆ ಅಮ್ಮನ ಮುಖ ನೋಡಿದ. ಆಮೇಲೆ ಹೋದ ನೋಡಿ, ಕರು ಬಿಚ್ಚಿದ ಹಾಗೆ.

ಕಳಿಸಿದ್ದೇನೋ ಹೌದು, ಬಿಟ್ಟದ್ದಲ್ಲ. ಮಂದೆ ಕೆರೆ ಏರಿ ದಾಟಿದ್ದೇ ತಡ, ಚೆಲುವಮ್ಮನವರು ಒಂದು ಕುಕ್ಕೆ ಕಂಕುಳಿಗೆ ಇಟ್ಟು ನನ್ನನ್ನು ಕರೆದರು. ಸೊಪ್ಪು ತರಲು ಹೋಗೋಣ ಬಾ ಎಂದರು. ಒಬ್ಬರೇ ಹೋಗಲು ಭಯ, ನನ್ನ ಅತ್ತೆಯನ್ನು ಕರೆದರೆ ಬೈಗುಳ, ಸಿಕ್ಕವಳು ನಾನು. ಆ ದಿನದಿಂದ ನಮ್ಮಿಬ್ಬರದೂ ಅದೇ ಕೆಲಸವಾಯಿತು. ಮಂದೆಯ ಹಿಂದೆ ಕಣ್ಣಿಗೆ ಬೀಳದಷ್ಟು ದೂರದಲ್ಲಿ ನಡೆಯುವುದು, ಅವರು ಕಿವಿಯಿಟ್ಟು ಗಂಟೆ ಕೇಳುವುದು, ನಾನು ಎದೆ ಹಿಡಿದುಕೊಂಡು ಪ್ರತಿ ಪೊದೆಯನ್ನೂ ನೋಡುವುದು. ದನಗಳ ಕೊರಳಿನಲ್ಲಿ ಅಷ್ಟೊಂದು ಗಂಟೆ ಇದ್ದರೂ ಅವರು ಮಗನದನ್ನು ಬೇರೆಯಾಗಿ ಹೆಕ್ಕಿ ಕೇಳುವರು. ಎಡತೊರೆಯಲ್ಲಿ ಹುಟ್ಟಿ ಇಲ್ಲಿ ಆನೆಯ ಕಾಲಿಗೆ ಸಿಕ್ಕಿ ಸಾಯುವುದು ನನ್ನ ಹಣೆಯಲ್ಲಿ ಬರೆದಿದೆ ಎಂದು ದಿನವೂ ಗೊಣಗುತ್ತಿದ್ದೆ. ಅವರಿಗೆ ನನ್ನ ಗೊಣಗಾಟ ಕೇಳುತ್ತಲೇ ಇರಲಿಲ್ಲ.

ಮರೆಯಲ್ಲಿ ನಿಂತು ನೋಡಿದ್ದರಿಂದ ಅಂಕಯ್ಯ ಹೇಗೆ ಕಲಿಸಿದ ಎನ್ನುವುದು ನನಗೆ ಗೊತ್ತಿದೆ. ಅವನು ತನ್ನ ಕೋಲಿನ ತುದಿಗೆ ಒಂದು ಬಿಳಿ ವಸ್ತ್ರ ಕಟ್ಟಿದ, ದೇವರಾಜುವಿನ ಕೋಲಿಗೂ ಒಂದು ಕಟ್ಟಿಸಿದ. ಕೋಲು ನೇರ ಮೇಲೆತ್ತಿದರೆ ಎಲ್ಲ ಸರಿಯಿದೆ, ಬಾ. ಅಡ್ಡ ಹಿಡಿದರೆ ನಿಂತಲ್ಲೇ ನಿಲ್ಲು, ಅಲ್ಲಾಡಬೇಡ. ಕೆಳಗೆ ಬೀಸಿದರೆ ದನ ಹಿಂದಕ್ಕೆ ತಿರುಗಿಸು. ಬಾಲದಲ್ಲಿರುವವನು ಹತ್ತು ಹೆಜ್ಜೆಗೊಮ್ಮೆ ತಲೆಯ ಕಡೆ ನೋಡಬೇಕು ಅಷ್ಟೇ. ದೇವರಾಜು ಅದನ್ನು ಬೇಗನೆ ಹಿಡಿದ. ಎಲ್ಲವೂ ಸಲೀಸಾಯಿತು ಎಂದು ಹೇಳುವುದಿಲ್ಲ. ಒಂದು ದಿನ ಹಕ್ಕಿ ನೋಡುತ್ತಾ ನಿಂತು ಮಂದೆಯನ್ನೇ ಬಿಟ್ಟುಬಿಟ್ಟಿದ್ದ, ಅಂಕಯ್ಯ ಬೆನ್ನಿಗೆ ಒಂದು ಬಿಟ್ಟ. ಅವನು ಯಾರಿಗೆ ಹೊಡೆದರೂ ಹಾಗೇ ಹೊಡೆಯುವವನು, ತನ್ನನ್ನೂ ಎಲ್ಲರ ಹಾಗೆ ಕಂಡನಲ್ಲ ಎಂದು ದೇವರಾಜುವಿಗೆ ಅದರಿಂದ ಸಂತೋಷವೇ ಆದ ಹಾಗಿತ್ತು.

ಮೇವಿನ ಬಯಲಿಗೆ ಹೋಗಬೇಕಾದರೆ ನಡುವೆ ಒಂದು ಹಳ್ಳ, ಹಳ್ಳದ ಎರಡೂ ಕಡೆ ಬಿದಿರುಮೆಳೆ. ಆನೆಗಳು ನೀರಿಗೆ ಇಳಿಯುವ ಜಾಗ ಅದು. ಅದನ್ನು ದಾಟುವ ಮುಂಚೆ ಅಂಕಯ್ಯ ಮಂದೆ ನಿಲ್ಲಿಸಿ, ದನಗಳ ಕೊರಳಿನ ಗಂಟೆಗಳಿಗೆಲ್ಲ ಹಿಡಿ ಹುಲ್ಲು ತುರುಕುವನು. ಗಂಟೆಯ ನಾಲಗೆ ಆಡುವುದಿಲ್ಲ, ಮಂದೆ ಸದ್ದಿಲ್ಲದೆ ದಾಟುತ್ತದೆ. ಆಚೆ ದಡ ಸೇರಿದ ಮೇಲೆ ಹುಲ್ಲು ಕೀಳುವುದು. ಅವನ ಅಪ್ಪನ ಕಾಲದಿಂದಲೂ ಮಂದೆ ಕಾಯುವವರು ನಡೆಸಿಕೊಂಡು ಬಂದದ್ದು ಅದು. ದೇವರಾಜು ಆ ಕೆಲಸವನ್ನು ಬಹಳ ಭಕ್ತಿಯಿಂದ ಮಾಡುತ್ತಿದ್ದ. ಯಾಕೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಕಾಡಿನ ದೇವರಿಗೆ ಸಲ್ಲಿಸುವ ಪೂಜೆ ಎಂದುಕೊಂಡಿದ್ದ ಎಂದು ಎಷ್ಟೋ ವರ್ಷದ ಮೇಲೆ ಅವನೇ ಕೈ ಮುಗಿದು ತೋರಿಸಿ ನನಗೆ ತಿಳಿಸಿದ. ಒಂದೊಂದು ದನದ ಗಂಟೆಗೂ ಹುಲ್ಲು ತುರುಕಿ ಹಣೆ ಮುಟ್ಟಿಕೊಳ್ಳುವನು.

ಎಲ್ಲ ಗಂಟೆಗೂ ಹುಲ್ಲು ಬೀಳುತ್ತಿತ್ತು, ಒಂದನ್ನು ಬಿಟ್ಟು. ಅಂಕಯ್ಯನಿಗೆ ಆ ಒಂದರ ನೆನಪೇ ಆಗಲಿಲ್ಲ. ಆಗಲೇ ಹೇಳಿದೆನಲ್ಲ, ಊರಿನವರ ಕಿವಿಗೆ ಅದು ಕೇಳುತ್ತಲೇ ಇರಲಿಲ್ಲ. ಚೆಲುವಮ್ಮನವರಿಗೆ ಕೇಳುತ್ತಿತ್ತು. ಎಲ್ಲ ಸದ್ದೂ ಅಡಗಿ ತಮ್ಮ ಮಗನ ಗಂಟೆಯೊಂದೇ ಮೆಳೆಯೊಳಗಿನಿಂದ ಕೇಳಿಬರುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ಇದು ತಪ್ಪು ಎಂದು ನನಗಾದರೂ ಹೊಳೆಯಬೇಕಿತ್ತು. ನನಗೂ ಹೊಳೆಯಲಿಲ್ಲ.

ಆ ಬೆಳಿಗ್ಗೆ ಇಬ್ಬನಿ ಇನ್ನೂ ಪೂರ್ತಿ ಆರಿರಲಿಲ್ಲ. ಅಂಕಯ್ಯ ಮುಂದೆ ಹಳ್ಳಕ್ಕೆ ಇಳಿದಿದ್ದ, ದನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ನಾವಿಬ್ಬರೂ ದಿಬ್ಬದ ಮೇಲೆ ಒಂದು ಹುಣಸೆಮರದ ಹಿಂದೆ. ಇದ್ದಕ್ಕಿದ್ದ ಹಾಗೆ ಮುಂದಿನ ದನಗಳು ನಿಂತವು. ಎಲ್ಲದರ ಕಿವಿಯೂ ಒಂದೇ ಕಡೆಗೆ ತಿರುಗಿತು. ಅಂಕಯ್ಯನ ಕೋಲು ಮೇಲೆದ್ದು ಅಡ್ಡವಾಯಿತು. ದೇವರಾಜು ಅದನ್ನು ಕಂಡು ನಿಂತಲ್ಲೇ ನಿಂತ.

ಆನೆ ಮುಂದಿನಿಂದ ಬರಲಿಲ್ಲ. ಪಕ್ಕದ ಮೆಳೆಯೇ ಸರಿದು ಹೊರಗೆ ಬಂದ ಹಾಗೆ, ಮಂದೆಗೂ ದೇವರಾಜುವಿಗೂ ನಡುವೆ ಬಂದು ನಿಂತಿತು. ಒಂಟಿ. ಕೊಂಬಿನ ತುದಿಗೆ ಕೆಂಪು ಮಣ್ಣು ಮೆತ್ತಿತ್ತು. ಅಷ್ಟು ಹತ್ತಿರದಿಂದ ಆನೆಯನ್ನು ನಾನು ಅದೇ ಮೊದಲು ನೋಡಿದ್ದು.

ದೇವರಾಜು ಕಲಿಸಿದಂತೆಯೇ ನಿಂತಿದ್ದ. ಕೈ ಎತ್ತಲಿಲ್ಲ, ಹೆಜ್ಜೆ ಕದಲಿಸಲಿಲ್ಲ. ಆದರೆ ಅವನಿಗೂ ಭಯವಾಗುತ್ತದೆ, ಅವನ ಮೈಯೂ ನಡುಗುತ್ತದೆ. ಆ ನಡುಕಕ್ಕೆ ಅಂಗಿಯೊಳಗಿನ ಗಂಟೆ ಸಣ್ಣಗೆ ಕಿಣಿಗುಟ್ಟತೊಡಗಿತು. ಕಾಡೆಲ್ಲ ಉಸಿರು ಹಿಡಿದು ನಿಂತಿರುವಾಗ ಆ ಒಂದೇ ಸದ್ದು. ತಾನು ಸದ್ದು ಮಾಡುತ್ತಿದ್ದೇನೆ ಎಂದು ಆ ಬಡಪಾಯಿಗೆ ಗೊತ್ತೇ ಇಲ್ಲ. ಆನೆಯ ಕಿವಿ ಅಗಲವಾದವು, ಸೊಂಡಿಲು ಅವನ ಕಡೆಗೆ ತಿರುಗಿತು.

ಚೆಲುವಮ್ಮನವರಿಗೆ ಅರ್ಥವಾಗಲು ಎರಡು ಸಲ ಉಸಿರಾಡುವಷ್ಟು ಹೊತ್ತೂ ಬೇಕಾಗಲಿಲ್ಲ. ಅವರ ಬಾಯಿ ತೆರೆಯಿತು. ಕೂಗಿದರೆ ಮಗನಿಗೆ ಕೇಳುವುದಿಲ್ಲ ಎಂದು ಅವರಿಗಿಂತ ಬೇರೆ ಯಾರಿಗೆ ಗೊತ್ತು? ಅವರು ಕೂಗಲು ಹೊರಟದ್ದು ಮಗನಿಗೆ ಕೇಳಲಿ ಎಂದಲ್ಲ, ಆನೆಗೆ ಕೇಳಲಿ ಎಂದು. ನಾನು ಹಿಂದಿನಿಂದ ಹಿಡಿದು ಅವರ ಬಾಯಿಗೆ ನನ್ನ ಕೈ ಒತ್ತಿದೆ. ಅವರನ್ನು ಉಳಿಸಲು ಹಾಗೆ ಮಾಡಿದೆ ಎಂದು ಆಮೇಲೆ ಊರೆಲ್ಲ ಹೊಗಳಿತು. ನಿಜ ಹೇಳಬೇಕೆಂದರೆ ನನ್ನ ಜೀವದ ಮೇಲಿನ ಆಸೆಯೇ ಆ ಕೈಯನ್ನು ಅಲ್ಲಿಟ್ಟಿದ್ದು. ಅವರು ನನ್ನ ಕೈಯನ್ನು ಕಚ್ಚಿದರು. ಹಲ್ಲು ಎಲುಬಿಗೆ ತಾಗಿತು, ನಾನು ಬಿಡಲಿಲ್ಲ. ಅವರ ಕಣ್ಣೀರು ನನ್ನ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು.

ಆಚೆ ಅಂಕಯ್ಯ ದೇವರಾಜುವಿಗೆ ಸೊಂಟ ತೋರಿಸುತ್ತಿದ್ದ. ತನ್ನ ಸೊಂಟ ಮುಟ್ಟಿಕೊಳ್ಳುವನು, ಅವನ ಕಡೆ ಬೆರಳು ತೋರುವನು. ದೇವರಾಜುವಿಗೆ ತಿಳಿಯಲಿಲ್ಲ. ಆನೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಆಗ ಅಂಕಯ್ಯ ಮೆಲ್ಲಗೆ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು ಪಕ್ಕದಲ್ಲಿದ್ದ ನಮ್ಮ ಕಪಿಲೆಯ ಗಂಟೆಯ ಹತ್ತಿರ ಹಿಡಿದ. ಹುಲ್ಲು ತೋರಿಸಿದ, ಗಂಟೆ ತೋರಿಸಿದ, ಮತ್ತೆ ಅವನ ಸೊಂಟ ತೋರಿಸಿದ.

ದೇವರಾಜು ತಲೆ ಬಗ್ಗಿಸಿ ತನ್ನ ಸೊಂಟ ನೋಡಿಕೊಂಡ. ಅವನ ಮುಖದಲ್ಲಿ ಏನೇನು ಹಾದುಹೋಯಿತೋ ನಾನು ಹೇಳಲಾರೆ. ದಿನವೂ ದನಗಳ ಗಂಟೆಗೆ ಹುಲ್ಲು ತುರುಕಿದ್ದು ಯಾಕೆ, ಅಮ್ಮ ತನಗೆ ಕಟ್ಟಿದ್ದು ಏನು, ಆನೆ ತನ್ನ ಕಡೆಗೇ ಬರುತ್ತಿರುವುದು ಯಾಕೆ, ಎಲ್ಲವೂ ಅವನಿಗೆ ಒಟ್ಟಿಗೇ ತಿಳಿದಿರಬೇಕು. ಅಂಗಿಯ ಮೇಲಿನಿಂದಲೇ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದ. ಸದ್ದು ನಿಂತಿತು.

ಆ ಸದ್ದು ನಿಂತರೆ ಚೆಲುವಮ್ಮನವರ ಉಸಿರು ನಿಲ್ಲುತ್ತಿತ್ತು ಎಂದೆನಲ್ಲ. ಅವತ್ತು ಅದು ನಿಂತಾಗ ಅವರು ನನ್ನ ಕೈಯಿಂದ ಹಲ್ಲು ಬಿಟ್ಟು, ನನ್ನ ತೋಳಿಗೆ ಒರಗಿ ಉಸಿರೆಳೆದುಕೊಂಡರು.

ಆನೆ ಅಲ್ಲೇ ನಿಂತು ಗಾಳಿ ಮೂಸಿತು. ನೆಲದ ಮಣ್ಣು ಎತ್ತಿ ಬೆನ್ನಿಗೆ ಎರಚಿಕೊಂಡಿತು. ಅದಕ್ಕೆ ಏನು ಅನಿಸಿತೋ, ಬಂದ ದಾರಿಯಲ್ಲೇ ತಿರುಗಿ ಮೆಳೆಯೊಳಗೆ ಹೋಯಿತು. ಬಿದಿರು ಮುರಿಯುವ ಸದ್ದು ದೂರವಾದ ಮೇಲೂ ದೇವರಾಜು ಮುಷ್ಟಿ ಸಡಿಲಿಸಲಿಲ್ಲ. ಅಂಕಯ್ಯ ಬಂದು ಭುಜ ಹಿಡಿದು ಅಲ್ಲಾಡಿಸಿದ ಮೇಲೆಯೇ ಕುಸಿದು ಕೂತ. ನಾವಿದ್ದೇವೆ ಎಂದು ಅವರಿಗೆ ತಿಳಿಯಲಿಲ್ಲ, ತಿಳಿಸುವ ಶಕ್ತಿಯೂ ನಮಗಿರಲಿಲ್ಲ. ಕುಕ್ಕೆಯನ್ನು ಅಲ್ಲೇ ಬಿಟ್ಟು ಊರಿಗೆ ಬಂದುಬಿಟ್ಟೆವು.

ಸಂಜೆ ಮಂದೆ ಬಂತು. ಬೆಳಗಿನ ಸುದ್ದಿ ನಮ್ಮ ಬಾಯಿಂದ ಆಗಲೇ ಊರಿಗೆ ಮುಟ್ಟಿತ್ತು, ನನ್ನ ಅತ್ತೆ ಬೀದಿಯಲ್ಲಿ ನಿಂತು ಇನ್ನು ಮೂಗನನ್ನು ಕಳಿಸಬಾರದು ಎನ್ನುತ್ತಿದ್ದರು. ದೇವರಾಜು ಯಾರನ್ನೂ ನೋಡದೆ ಮನೆಗೆ ಬಂದ. ಅಂಗಿ ಎತ್ತಿ ಉಡುದಾರ ಹಿಡಿದು, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡ. ಚೆಲುವಮ್ಮನವರು ಓಡಿ ಹೋಗಿ ಕೈ ಹಿಡಿದರು. ನಮ್ಮಲ್ಲಿ ಹೊಸದು ಕಟ್ಟದೆ ಗಂಡಸಿನ ಉಡುದಾರ ಕಡಿಯುವುದು ಅವನು ಹೆಣವಾದ ಮೇಲೆಯೇ. ಬದುಕಿರುವವನ ಸೊಂಟ ಬರಿದಾಗಬಾರದು. ಅವನಿಗೂ ಅದು ಗೊತ್ತಿತ್ತು. ಆದರೂ ಕುಡುಗೋಲು ಬಿಡಲಿಲ್ಲ. ಗಂಟೆ ತೋರಿಸಿದ, ಅಮ್ಮನ ಕಿವಿ ತೋರಿಸಿದ, ತನ್ನ ಕಿವಿ ಮುಟ್ಟಿ ಕೈ ಆಡಿಸಿದ. ಆಮೇಲೆ ಸೊಂಡಿಲಿನ ಹಾಗೆ ತೋಳು ಚಾಚಿದ. ನಿನಗೆ ಕೇಳಲಿ ಎಂದು ಕಟ್ಟಿದ್ದೀಯಲ್ಲ, ಅದಕ್ಕೂ ಕೇಳಿತು ಎಂದು ಅವನು ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ತಿಳಿಯಿತು.

ಚೆಲುವಮ್ಮನವರು ಮಗನ ಮುಖವನ್ನೇ ನೋಡುತ್ತಾ ನಿಂತರು. ಇನ್ನು ಅವನನ್ನು ಬೇಲಿಯೊಳಗೆ ಕೂಡಿಹಾಕುತ್ತಾರೆ, ಮುಗಿಯಿತು ಎಂದು ನಾನು ಅಂದುಕೊಂಡೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಅವರು ನನ್ನ ಕಡೆ ತಿರುಗಿದರು.

‘ನಿಮ್ಮನೇಲಿ ಕರೀ ದಾರ ಇದ್ರೆ ತತ್ತಾ ಮಗಾ’ ಎಂದರು.

ತಂದುಕೊಟ್ಟೆ. ಅವರು ಮಗನ ಸೊಂಟಕ್ಕೆ ಮೊದಲು ಹೊಸ ದಾರ ಸುತ್ತಿ ಗಂಟು ಹಾಕಿದರು. ಕಣ್ಣು ಮಂಜಾಗಿ ಗಂಟು ಎರಡು ಸಲ ಜಾರಿತು. ಅದು ಬಿಗಿಯಾದ ಮೇಲೆ ಕುಡುಗೋಲು ತೆಗೆದುಕೊಂಡು ಹಳೆಯ ದಾರವನ್ನು ತಾವೇ ಕಡಿದರು. ಗಂಟೆ ಅವರ ಅಂಗೈಗೆ ಬಿತ್ತು. ಇಷ್ಟು ವರ್ಷ ಮೈಗೆ ಉಜ್ಜಿ ಉಜ್ಜಿ ಒಂದು ಮಗ್ಗುಲು ನುಣ್ಣಗಾಗಿತ್ತು.

ಬೀದಿಗೆ ಬಂದು ನನ್ನ ಅತ್ತೆಯ ಮುಂದೆ ನಿಂತು, ನನ್ನ ಮಗ ನಾಳೆಯೂ ಹೋಗುತ್ತಾನೆ, ನಿನ್ನ ದನ ಬೇಕಾದರೆ ಕಟ್ಟಿಕೋ ಎಂದರು. ನನ್ನ ಅತ್ತೆಗೆ ಎದುರು ಮಾತಾಡಿದ ಹೆಂಗಸನ್ನು ನಾನು ಆ ಊರಲ್ಲಿ ಕಂಡದ್ದು ಅದೇ ಮೊದಲು. ಅತ್ತೆ ದನ ಕಟ್ಟಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಸೊಪ್ಪಿನ ನೆಪ ಹೇಳಿ ಹೊರಡಲಿಲ್ಲ. ಬೇಲಿಯ ಗಳು ಸರಿಸಿ ಮಗನನ್ನು ಕಳಿಸಿ ಅಲ್ಲೇ ನಿಂತರು. ಅಭ್ಯಾಸಬಲ, ಕಣ್ಣು ಮುಚ್ಚಿ ಕತ್ತು ಓರೆ ಮಾಡಿದರು. ದನಗಳ ಗಂಟೆಯೆಲ್ಲ ಕೇಳುತ್ತಿತ್ತು, ಅವರಿಗೆ ಬೇಕಾದ ಗಂಟೆ ಇರಲಿಲ್ಲ. ಕತ್ತನ್ನು ಇನ್ನೊಂದು ಕಡೆಗೆ ತಿರುಗಿಸಿ ಮತ್ತೆ ಕಿವಿಗೊಟ್ಟರು. ಪಕ್ಕದಲ್ಲಿದ್ದ ನನಗೆ ಸಂಕಟವಾಗಿ, ದೊಡ್ಡವ್ವಾ, ಕಣ್ಣು ಬಿಡಿ, ಏರಿ ಕಡೆ ನೋಡಿ ಎಂದೆ.

ಮಂದೆ ಕೆರೆ ಏರಿಯ ಮೇಲಿತ್ತು. ಎಲ್ಲಕ್ಕಿಂತ ಹಿಂದೆ ದೇವರಾಜು. ಅವನು ನಿಂತು ಊರಿನ ಕಡೆ ತಿರುಗಿ, ಬಿಳಿ ವಸ್ತ್ರ ಕಟ್ಟಿದ ಕೋಲನ್ನು ನೇರ ಮೇಲೆತ್ತಿದ. ಚೆಲುವಮ್ಮನವರ ಕೈಯಲ್ಲಿ ಏನೂ ಇರಲಿಲ್ಲ. ತಲೆಯ ಮೇಲಿನ ಸೆರಗು ಎಳೆದು ಅದನ್ನೇ ಎತ್ತಿ ಹಿಡಿದರು. ಕಂಡಿತು ಎಂಬಂತೆ ಅವನು ಕೋಲು ಇಳಿಸಿ ಏರಿಯ ಆಚೆಗೆ ಹೋದ. ಅವರು ಎಷ್ಟೋ ಹೊತ್ತು ಸೆರಗು ಇಳಿಸಲಿಲ್ಲ.

ಆಮೇಲೆ ಅದು ನಿತ್ಯದ ಕ್ರಮವಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಏರಿಯ ಮೇಲೆ ಮಂದೆ ಕಂಡಾಗ ಒಂದು ಸಲ. ಸುಗ್ಗಿಯಲ್ಲಿ ಊರಿನವರು ದೇವರಾಜುವಿನ ಪಾಲಿನ ರಾಗಿಯನ್ನು ಬೇರೆಯಾಗಿ ಅಳೆದರು. ನನ್ನ ಅತ್ತೆ ಗೊಣಗುತ್ತಲೇ ಅಳೆದರೂ ಕಡೆಗೆ ಒಂದು ಬೊಗಸೆ ಮೇಲೆ ಸುರಿದರು. ಊರಲ್ಲಿ ಮೂಗ ಎನ್ನುವ ಹೆಸರು ಮೆಲ್ಲಗೆ ಹಿಂದೆ ಸರಿದು, ಮಂದೆ ದೇವರಾಜು ಎಂಬುದು ಮುಂದೆ ಬಂತು.

ನನಗೆ ಧೈರ್ಯ ಬಂತು ಅಂದುಕೊಳ್ಳಬೇಡಿ, ನಾನು ಇವತ್ತಿಗೂ ಆ ಹಳ್ಳ ದಾಟುವಾಗ ಎಡತೊರೆಯ ದೇವರನ್ನೆಲ್ಲ ನೆನೆಯುತ್ತೇನೆ. ಕೈಯ ಮೇಲೆ ಆ ಹಲ್ಲಿನ ಗುರುತು ಇನ್ನೂ ಇದೆ. ಚೆಲುವಮ್ಮನವರಿಗೆ ಧೈರ್ಯ ಬಂದಿರಬಹುದು ಎಂದುಕೊಂಡು ಒಂದು ಸಂಜೆ, ಏರಿಯನ್ನೇ ನೋಡುತ್ತಾ ಕೂತಿದ್ದ ಅವರನ್ನು, ದೊಡ್ಡವ್ವಾ, ಈಗ ಹೆದರಿಕೆ ಹೋಯಿತಾ ಎಂದು ಕೇಳಿದೆ.

‘ಎಲ್ಲಿಗೋದಾತು ಮಗಾ. ಆಗ ಕಿವೀಲಿತ್ತು, ಈಗ ಕಣ್ಣಿಗೆ ಬಂದದೆ’ ಎಂದರು. ‘ನನ್ನ ಎದ್ರಿಕೆ ನನ್ತವೇ ಇರ್ಲಿ ಬುಡು. ಅವ್ನ ಸೊಂಟುಕ್ ಕಟ್ಟಿದ್ದೆ, ಈಗ ಬಿಚ್ಚಿಟ್ಕಂಡಿವ್ನಿ.’

ಮಾತು ಅಲ್ಲಿಗೆ ನಿಲ್ಲಿಸಿ ಎದ್ದರು. ಏರಿಯ ಮೇಲೆ ಧೂಳು ಕಾಣಿಸಿತ್ತು. ಅವರು ಸೆರಗು ಕೈಗೆ ತೆಗೆದುಕೊಂಡು ಬೇಲಿಯ ಹತ್ತಿರ ಹೋದರು.